ಪ್ರೊಫೆಸರರ ಎಡ ಬಲ

"ಎರಡನೇ ಕ್ಲಾಸಾ? ಬಿಡೇ, ಹಲ್ಲುಜ್ಜೋ ಹೊತ್ತಲ್ಲಿ ಮುಗಿಸಿ ಬರ್ತೀನಿ!"

ನಮ್ಮ ಪ್ರೊಫೆಸರರು ಹೀಗೆ ಗರ್ಜಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮಿಕ್ಕವರೆಲ್ಲ ಮೂರು ಆಯಾಮಗಳಲ್ಲೇ ಹೇಗೋ ಸಂಸಾರ ದೂಡುತ್ತಿದ್ದರೆ, ಇವರು ಕಾಲೇಜಿನಲ್ಲಿ ದಿನಾ ಏಳನೆಯ ಆಯಾಮಕ್ಕೆ ಹೋಗಿ ಕಾಲು ಚಾಚಿ ಬರುವ ಜ್ಯಾಮಿತಿ ಪಂಡಿತರು. (ಮನೆಯಲ್ಲಿ ತಮ್ಮ ಟವೆಲು ಯಾವ ಆಯಾಮದಲ್ಲಿದೆಯೆಂದು ಮಾತ್ರ ಹೆಂಡತಿಯನ್ನೇ ಕೇಳಬೇಕು.)

ಹೆಂಡತಿ ಪ್ರೈಮರಿ ಶಾಲೆಯ ಟೀಚರು. ಎಡ-ಬಲ, ಹಿಂದೆ-ಮುಂದೆ, ಚೌಕ-ತ್ರಿಕೋನ ಆಕೆಯ ಪಾಠ. ಅಂದು ಇನ್ಸ್‌ಪೆಕ್ಟರಮ್ಮ ಬಂದು ಪಾಠ ನೋಡುವವರಿದ್ದರು. ಮೆಚ್ಚಿದರೆ ಟೀಚರಿಗೆ ಹೆಡ್‌ಮಿಸ್ ಕುರ್ಚಿ. ಹಾಳಾದ್ದು, ಬೆಳಗಾಗುವಷ್ಟರಲ್ಲಿ ಗಂಟಲು ಕಟ್ಟಿಬಿಟ್ಟಿತ್ತು!

"ರೀ, ಅವು ಪುಟ್ಟ ಮಕ್ಕಳು. ನಿಮ್ಮ ಕಾಲೇಜು ಹುಡುಗರ ಹಾಗೆ ನಿದ್ದೆ ಮಾಡಲ್ಲ," ಎಂದು ಟೀಚರು ಪಿಸುಗುಟ್ಟಿದರು.

"ನೀನು ಸುಮ್ನೆ ಹಿಂದಿನ ಬೆಂಚಲ್ಲಿ ಕೂತ್ಕೊಂಡು ನೋಡ್ತಿರು. ಕುರ್ಚಿ ನಿಂದೇ ಅಂದ್ಕೋ!"

ಇನ್ಸ್‌ಪೆಕ್ಟರಮ್ಮ ಬರುವ ಮೊದಲೇ ಪ್ರೊಫೆಸರರು ರಣರಂಗಕ್ಕಿಳಿದರು. ಮಕ್ಕಳಿಗೆ ಎದುರಾಗಿ ನಿಂತು, ಬಲಗೈ ಎತ್ತಿ, "ಇದು ಬಲ! ನನ್ನ ಥರಾನೇ ಎತ್ತಿ!" ಎಂದರು. ಮಕ್ಕಳು ಕನ್ನಡಿಯೊಳಗಿನ ಬಿಂಬದ ಹಾಗೆ ಎಡಗೈ ಎತ್ತಿದವು. ಎಲ್ಲ ಕೈಗಳೂ ತಮ್ಮ ಕೈ ಇದ್ದ ಕಡೆಯೇ ಇರುವುದನ್ನು ಕಂಡು ಪ್ರೊಫೆಸರರ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು.

ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು. "ಸಾರ್, ಬರೆಯೋ ಕೈ ಬಲಗೈ ಅಂತ ಅಮ್ಮ ಹೇಳಿದ್ರು. ಅದು ಈ ಕಡೆ ಇದೆ."

"ನಿಮ್ಮಮ್ಮ ಏಳನೇ ಆಯಾಮ ಓದಿದ್ದಾರಾ? ಕೂತ್ಕೋ!"

ಛಾವಣಿಯ ಹಲ್ಲಿಗೂ ಬಾಯಿಪಾಠವಾಗುವ ತನಕ 'ಇದು ಬಲ' ಹೇಳಿಸಿದರು. ಹಿಂದಿನ ಬೆಂಚಿನಿಂದ ಟೀಚರು 'ಬೇಡ, ಬೇಡ' ಎಂದು ಎರಡೂ ಕೈ ಬೀಸಿದರು. ಮೆಚ್ಚುಗೆಯೆಂದುಕೊಂಡ ಪ್ರೊಫೆಸರರು ತಲೆಬಾಗಿ ವಂದಿಸಿದರು.

ಇನ್ಸ್‌ಪೆಕ್ಟರಮ್ಮ ಬಂದು ಮಕ್ಕಳ ಎಡಗಡೆ, ಕಿಟಕಿ ಪಕ್ಕ ಕುರ್ಚಿ ಹಾಕಿಸಿಕೊಂಡರು. ಬಲಗಡೆ ಬಾಗಿಲು.

"ಎಲ್ಲಾರೂ ಎದ್ದು, ಬಲಕ್ಕೆ ತಿರುಗಿ ನಡೀರಿ, ನೋಡೋಣ."

ಇಡೀ ದಂಡು ಎಡಕ್ಕೆ ತಿರುಗಿ ನುಗ್ಗಿತು. ಅಲ್ಲಿ ಬೆಟ್ಟವಿದ್ದರೂ ಪಕ್ಕಕ್ಕೆ ಸರಿಯುತ್ತಿತ್ತು, ಇದ್ದದ್ದು ಇನ್ಸ್‌ಪೆಕ್ಟರಮ್ಮ. ಕನ್ನಡಕ ಒಂದು ದಿಕ್ಕು, ಕೈಚೀಲ ಇನ್ನೊಂದು ದಿಕ್ಕು, ಆಕೆ ಕುರ್ಚಿಸಮೇತ ಮೂರನೆಯ ದಿಕ್ಕು.

"ಏನ್ರೀ ಇದು?"

"ನಾನು ನಿಂತಿರೋ ಕಡೆಯಿಂದ ನೋಡಿದ್ರೆ ಅದು ಬಲಾನೇ, ಮೇಡಂ!"

"ನಾನು ಬಿದ್ದಿರೋ ಕಡೆಯಿಂದ ಹಾಗೆ ಕಾಣ್ತಿಲ್ಲ!"

ಹೆಡ್‌ಮಿಸ್ ಕುರ್ಚಿ ಕೈತಪ್ಪುವುದನ್ನು ಕಂಡ ಟೀಚರು ಬಾಣದಂತೆ ಬಂದರು. ಮಕ್ಕಳನ್ನು ಸನ್ನೆಯಲ್ಲೇ ಜಾಗಕ್ಕೆ ಕಳಿಸಿದರು. ಗಂಡನ ಹೆಗಲು ಹಿಡಿದು, ಗೋಧಿ ಮೂಟೆ ತಿರುಗಿಸಿದಂತೆ ಗರ್ರನೆ ತಿರುಗಿಸಿ, ಮಕ್ಕಳಿಗೆ ಬೆನ್ನಾಗಿಸಿ ನಿಲ್ಲಿಸಿದರು. ಅವರ ಬಲಗೈ ಹಿಡಿದು ಮೇಲೆತ್ತಿದರು. ಹಿಂದೆ ಅಷ್ಟೂ ಬಲಗೈಗಳು ಎದ್ದವು. ಗಂಡನನ್ನು ಬಲಕ್ಕೆ ತಿರುಗಿಸಿದರು, ಮಕ್ಕಳೂ ತಿರುಗಿದವು. ಬೆನ್ನಿಗೊಂದು ನೂಕು ಕೊಟ್ಟರು. ಪ್ರೊಫೆಸರರು ಮುಂದೆ, ಮಕ್ಕಳು ರೈಲಿನ ಡಬ್ಬಿಗಳಂತೆ ಹಿಂದೆ, ಬಾಗಿಲಾಚೆ ಹೋಗಿ ಅಂಗಳ ಸುತ್ತಿ ಬಂದರು.

"ಈಗ ಸರಿಯಾಯ್ತು!" ಎಂದಳು ಎರಡು ಜಡೆಯವಳು.

ಇನ್ಸ್‌ಪೆಕ್ಟರಮ್ಮ ಕನ್ನಡಕ ಏರಿಸಿಕೊಂಡರು. "ಬಾಯೇ ತೆರೀದೆ ಪಾಠ! ಹೆಡ್‌ಮಿಸ್ ಅಂದ್ರೆ ಹೀಗಿರ್ಬೇಕು. ನಿಮ್ಮ ಪಾಠೋಪಕರಣವೂ ಚೆನ್ನಾಗಿದೆ."

ಎತ್ತಿದ ಕೈ ಇಳಿಸುವುದನ್ನೂ ಮರೆತು ಪ್ರೊಫೆಸರರು ಕೂಗಿದರು: "ಮೇಡಂ, ನಾನು ಉಪಕರಣ ಅಲ್ಲ, ಪ್ರೊಫೆಸರು!"

ಟೀಚರು ಇದ್ದಬದ್ದ ದನಿಯನ್ನೆಲ್ಲ ಒಟ್ಟುಮಾಡಿದರು.

"ಒಂದೊಂದು ಸಲ ಹೀಗೆ ತಾನಾಗೇ ಮಾತಾಡುತ್ತೆ, ಮೇಡಂ. ಧೂಳು ಒರೆಸಿ ಬೀರುವಿನಲ್ಲಿಟ್ರೆ ಸರಿಹೋಗುತ್ತೆ."