ಚಿನ್ನದ ಮಿಷನ್ನಿನ ಬೋಣಿ

ರಂಗರಾಜುವಿನ ಕಷ್ಟಕ್ಕೆಲ್ಲ ಕಾರಣ ಒಂದು ನಿಂಬೆಹಣ್ಣು.

ಭಾನುವಾರ ಬೆಳಗ್ಗೆ ಚಂದಕವಾಡಿಯ ಬೀದಿ ಇನ್ನೂ ಹಲ್ಲುಜ್ಜುತ್ತಿರುವಾಗಲೇ ಹೊಸ ಮಿಷನ್ನನ್ನು ಹೆಗಲಿಗೇರಿಸಿಕೊಂಡು ಹಳ್ಳದ ಕಡೆ ಸದ್ದಿಲ್ಲದೆ ಜಾರಿಬಿಡಬೇಕೆಂಬುದು ಅವನ ಎಣಿಕೆ. ಆದರೆ ಹೊಸ ಸಾಮಾನನ್ನು ಪೂಜೆಯಿಲ್ಲದೆ ಹೊರಡಿಸುವುದುಂಟೆ? ಪೂಜೆಯೆಂದ ಮೇಲೆ ನಿಂಬೆಹಣ್ಣು ಬೇಕು. ನಿಂಬೆಗಿಡವಿದ್ದದ್ದು ಪಕ್ಕದ ಮನೆಯ ಪುಟ್ಟಮಲ್ಲಮ್ಮನ ಹಿತ್ತಲಲ್ಲಿ. ಒಂದು ಹಣ್ಣು ಕೇಳಿದ. ಹಣ್ಣಿನ ಹಿಂದೆಯೇ ಪುಟ್ಟಮಲ್ಲಮ್ಮನೂ ಬಂದಳು. ಅವಳು ಬಂದಳೆಂದರೆ ಬೀದಿಗೆ ಮೈಕು ಕಟ್ಟಿದಂತೆ.

"ಇದೇನ್ ಮಗ, ಕಳೆ ಕೊಚ್ಚೋ ಮಿಷನ್ನಾ?"

"ಅಲ್ಲ ಕನತ್ತೆ, ಚಿನ್ನ ಉಡ್ಕೋದು," ಎಂದುಬಿಟ್ಟ ರಂಗರಾಜು. ಎಂದ ಮೇಲೆ ನಾಲಿಗೆ ಕಚ್ಚಿಕೊಂಡ. ನಾಲಿಗೆಗೆ ನೋವಾಯಿತೇ ಹೊರತು ಮಾತು ವಾಪಸು ಬರಲಿಲ್ಲ.

ರಂಗರಾಜು ಕರೆಂಟು ಮೀಟರು ಓದುವ ಕೆಲಸದವನು. ಹದಿನಾಲ್ಕು ವರ್ಷದಿಂದ ಊರವರ ಮನೆಯ ನಂಬರುಗಳನ್ನು ಓದಿ, ಅವರಿಂದ ಬೈಸಿಕೊಂಡು, ತನ್ನ ಹಣೆಗೂ ಒಂದು ಒಳ್ಳೆಯ ನಂಬರು ಬಿದ್ದೀತೆಂದು ಕಾಯುತ್ತಿದ್ದ. ಊರಾಚೆಯ ಹಳ್ಳದ ಮರಳಿನಲ್ಲಿ ಚಿನ್ನವಿದೆಯೆಂದು ಅವನ ತಾತನ ಕಾಲದಿಂದಲೂ ಮಾತಿತ್ತು. ಕಂಡವರು ಮಾತ್ರ ಯಾರೂ ಇರಲಿಲ್ಲ. ಸಿಗದಿರುವುದು ಮಿಷನ್ನಿನ ಕೊರತೆಯಿಂದಲೇ ಎಂದು ಅವನಿಗೆ ಖಾತ್ರಿ ಮಾಡಿಸಿದವರು ಗುಂಡ್ಲುಪೇಟೆಯಲ್ಲಿ ಅಂಗಡಿ ಇಟ್ಟ ಭಾನು ಮೇಡಂ.

ಇಪ್ಪತ್ತು ಸಾವಿರದ ಹಳೇ ಮಿಷನ್ನು ಮೊಳೆ, ಮುಚ್ಚಳ, ಲಾಳ ಏನು ಸಿಕ್ಕರೂ 'ಕುಯ್ಯೋ' ಎಂದು ಒಂದೇ ರಾಗ ಎಳೆಯುತ್ತಿತ್ತಂತೆ. ಆಮೇಲೆ ಬಂದ ಅರವತ್ತು ಸಾವಿರದ್ದು ಕೆಂಪು ಮಣ್ಣು ಕಂಡರೇ ಅತ್ತೆಯಂತೆ ಗೊಣಗುತ್ತಿತ್ತಂತೆ. ಈಗಿನದು ಏಕಕಾಲಕ್ಕೆ ಹತ್ತು ಥರದ ಅಲೆ ಬಿಟ್ಟು, ಮಣ್ಣಿನ ಗಲಾಟೆಯನ್ನೆಲ್ಲ ಸೋಸಿ, ಹಿತ್ತಾಳೆಗೆ 'ಗೊರ್ರ್', ಬಂಗಾರಕ್ಕೆ 'ಕೂಊ' ಎಂದು ಬೇರೆ ಬೇರೆ ಕೂಗಿ, ಪರದೆಯ ಮೇಲೆ ನಂಬರನ್ನೂ ತೋರಿಸುತ್ತದಂತೆ. ಸೀಲು ಒಡೆದರೆ ಗ್ಯಾರಂಟಿ ಹೋಗುತ್ತದೆಂದು ಡಬ್ಬ ಬಿಚ್ಚದೆ, ಮೂರೂ ಮಿಷನ್ನಿನ ಸದ್ದನ್ನು ಮೇಡಂ ತಮ್ಮ ಬಾಯಲ್ಲೇ ಮಾಡಿ ತೋರಿಸಿದ್ದರು.

"ಹೋದ ವರ್ಷ ಇದೇ ಮಾಲು ಎರಡು ಲಕ್ಷ ಸಾರ್, ಈಗ ಒಂದೂ ಇಪ್ಪತ್ತು. ಮಿಷನ್ ರೇಟು ಇಳೀತಾ ಇದೆ, ಚಿನ್ನದ ರೇಟು ಏರ್ತಾ ಇದೆ. ನೀವು ಸರಿಯಾದ ಟೈಮಿಗೆ ಬಂದಿದ್ದೀರ."

ಒಂದೂ ಇಪ್ಪತ್ತನ್ನು ಎಲ್ಲಿಂದ ತರುವುದು? ಹೆಂಡತಿ ಲಕ್ಷ್ಮಿದೇವಿಯ ತವರಿನ ಚಿನ್ನದ ಸರ ಬೀರುವಿನಲ್ಲಿತ್ತು. ಮದುವೆ ಮುಂಜಿಗಲ್ಲದೆ ಅವಳು ಅದನ್ನು ಮುಟ್ಟುತ್ತಿರಲಿಲ್ಲ. ಗುರುವಾರ ರಂಗರಾಜು ಅದನ್ನೆತ್ತಿ, ದುಡ್ಡಿನ ಬದಲು ಅಡವಾಗಿ ಮೇಡಂ ಕೈಗಿಟ್ಟ. ಅದರ ಜಾಗದಲ್ಲಿ ಚಾಮರಾಜನಗರದ ಅಂಗಡಿಯೊಂದರಲ್ಲಿ ನಾನೂರೈವತ್ತಕ್ಕೆ ಸಿಕ್ಕ, ಅದೇ ನಮೂನೆಯ ಗಿಲೀಟು ಸರವನ್ನು ಮಲಗಿಸಿದ. ಮಿಷನ್ನನ್ನು ಕಂತಿನ ಮೇಲೆ ತಂದೆನೆಂದು ಮನೆಯಲ್ಲಿ ಹೇಳಿದ. ತಿಂಗಳೊಳಗೆ ಹಳ್ಳದ ಚಿನ್ನ ಮಾರಿ ಅಸಲಿ ಸರ ಬಿಡಿಸಿಕೊಂಡರೆ ಯಾರಿಗೂ ತಿಳಿಯುವುದಿಲ್ಲ.

ತಿಳಿಯುತ್ತಿರಲೂ ಇಲ್ಲ, ಆ ನಿಂಬೆಹಣ್ಣು ಇಲ್ಲದಿದ್ದರೆ.

ಅಷ್ಟರಲ್ಲಿ ಎದುರಿನ ಟೀ ಅಂಗಡಿಯ ಮಾದಣ್ಣ ಸೌಟು ಹಿಡಿದೇ ಓಡಿಬಂದಿದ್ದ. ಅವನ ಹಿಂದೆ ಅವನ ಗಿರಾಕಿಗಳು, ಗಿರಾಕಿಗಳ ಹಿಂದೆ ಅರ್ಧ ಬೀದಿ. ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮಿಷನ್ನು ಮದುಮಗನಂತೆ ಗೋಡೆಗೊರಗಿ ನಿಂತಿತು. ರಂಗರಾಜು ಅದನ್ನೆತ್ತಿಕೊಳ್ಳಲು ಬಗ್ಗಿದಾಗ ಪುಟ್ಟಮಲ್ಲಮ್ಮ ಅಡ್ಡ ಬಂದಳು.

"ಬೋಣಿ ಆಗ್ದೆ ಎಲ್ಲಿಗ್ ಮಗ? ನಮ್ ಬೀದೀಲಿ ಬೋರಿನ ಮೋಟ್ರು ಬಂದಾಗ ಮೊದ್ಲು ಸ್ವಿಚ್ಚು ಒತ್ತಿದ್ದು ಮನೆ ಮುತ್ತೈದೆ. ಬೈಕು ಬಂದಾಗ ಮೊದ್ಲು ಕೂತಿದ್ದು ಮನೆ ಮುತ್ತೈದೆ. ಇದು ಚಿನ್ನ ಉಡ್ಕೋ ಮಿಷನ್ನು. ಮೊದ್ಲ ಸದ್ದು ಲಕ್ಷ್ಮಿ ಕತ್ನಲ್ಲಿರೋ ಚಿನ್ನದ ಮ್ಯಾಲೇ ಆಗ್ಬೇಕು. ಲಕ್ಷ್ಮೀ, ತವರಿನ ಸರ ಹಾಕ್ಕಂಡು ಬಾ ಕೂಸೇ."

ರಂಗರಾಜು ಮಿಷನ್ನಿಗೆ ಅಡ್ಡ ನಿಂತ. ಅವಳಿನ್ನೂ ಸ್ನಾನ ಮಾಡಿಲ್ಲವೆಂದು ತೊದಲಿದ. ಹಾಗಾದರೆ ಮಿಂದು, ಸರ ಹಾಕಿಕೊಂಡೇ ಬರುತ್ತೇನೆಂದು ಲಕ್ಷ್ಮಿದೇವಿ ಒಳಗಿನಿಂದ ಕೂಗಿ ಹೇಳಿದಳು. ಅವನಿಗೆ ಸಿಕ್ಕಿದ್ದು ಅರ್ಧ ಗಂಟೆ.

ಜನ ಬೇರೆ ಕಡೆ ನೋಡಲೆಂದು ಅವನೇ ಪುಟ್ಟಮಲ್ಲಮ್ಮನ ಕಿವಿಯ ಹತ್ತಿರ ಮಿಷನ್ನು ಹಿಡಿದ. ಪುಣಜನೂರಿನ ಅಳಿಯ ದೀಪಾವಳಿಗೆ ಕೊಟ್ಟ ಓಲೆ ಅದು. ವರ್ಷದಿಂದ ಬೀದಿಯೆಲ್ಲ ಅದರ ವರ್ಣನೆ ಕೇಳಿತ್ತು. ಮಿಷನ್ನು 'ಗೊರ್ರ್' ಎಂದಿತು. ಪುಟ್ಟಮಲ್ಲಮ್ಮ ಅಲ್ಲೇ ಅಳಿಯನಿಗೆ ಫೋನು ಹಚ್ಚಿದಳು. ಚಿನ್ನ ನೋಡುವ ಮಿಷನ್ನು ಬಂದಿದೆ ಎನ್ನುವಷ್ಟರಲ್ಲಿ ಆ ಕಡೆಯಿಂದ ಫೋನು ಕಟ್ಟಾಯಿತು.

ಇದನ್ನು ನೋಡಿ ಮಾದಣ್ಣ ಬಿದ್ದೂ ಬಿದ್ದೂ ನಕ್ಕ. ನಗುತ್ತಲೇ ಮಾವ ಮದುವೆಗೆ ಹಾಕಿದ ಉಂಗುರದ ಬೆರಳು ಚಾಚಿದ. 'ಗೊರ್ರ್.' ನಗು ಅರ್ಧದಲ್ಲೇ ನಿಂತಿತು. ಉಂಗುರ ಕಿತ್ತುಕೊಂಡು ಅವನು ಅಂಗಡಿಯೊಳಕ್ಕೆ ಹೋದ. ಒಳಗಿನಿಂದ ಅವನ ಹೆಂಡತಿಯ ದನಿ, ಆಮೇಲೆ ಲೋಟಗಳ ದನಿ ಕೇಳಿಸಿತು. ಹೊರಬಂದಾಗ ಅವನ ಅಂಗಿಯ ಮೇಲೆಲ್ಲ ಟೀ ಇತ್ತು.

"ಮಿಷನ್ನೇ ಸುಳ್ಳು ಕಣ್ಲಾ," ಎಂದ ಮಾದಣ್ಣ. "ಲಕ್ಷ್ಮಕ್ಕನ ಸರ ಇದ್ಯಲ್ಲ, ಅವ್ರಪ್ಪ ಅದ್ನ ನನ್ ಕಣ್ ಮುಂದೇನೇ ಮಾಡಿಸಿದ್ದು. ಅದ್ಕೂ ಗೊರ್ ಅಂದ್ರೆ ಮಿಷನ್ ತಿಪ್ಪೇಗೆಸಿ. ಕೂ ಅಂದ್ರೆ ನಮ್ಮಾವನ್ನ ನಾನ್ ನೋಡ್ಕತೀನಿ."

ಬೀದಿಯೆಲ್ಲ ಒಪ್ಪಿತು. ರಂಗರಾಜು ಮಾತ್ರ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಸರ ಗೊರ್ ಎಂದರೆ ಮಿಷನ್ನು ತಿಪ್ಪೆಗೆ ಹೋದೀತು, ಅದರ ಹಿಂದೆಯೇ ಪುಟ್ಟಮಲ್ಲಮ್ಮ ಸರವನ್ನು ಅಕ್ಕಸಾಲಿಯ ಒರೆಗಲ್ಲಿಗೆ ಒಯ್ದಾಳು, ಅದರ ಹಿಂದೆ ಮಾವ ಬಂದಾನು, ಮಾವನ ಹಿಂದೆ ಮೂವರು ಭಾವಮೈದುನರು.

ಲಕ್ಷ್ಮಿದೇವಿ ಒದ್ದೆ ತಲೆಗೆ ಟವೆಲು ಸುತ್ತಿಕೊಂಡು, ಸರ ಹೊಳೆಯಿಸುತ್ತ ಬಂದು ನಿಂತಳು. ರಂಗರಾಜು ಕಣ್ಣು ಮುಚ್ಚಿ ಮಿಷನ್ನು ಎತ್ತಿದ.

'ಕೂಊಊ.'

ಕೋಗಿಲೆ ಕೂಗಿದಂತೆ, ಭಾನು ಮೇಡಂ ಬಾಯಲ್ಲಿ ಬಂದಿದ್ದಕ್ಕಿಂತ ಇಂಪಾಗಿ. ಜನ ಚಪ್ಪಾಳೆ ತಟ್ಟಿದರು. ಪುಟ್ಟಮಲ್ಲಮ್ಮ ಮಿಷನ್ನಿಗೆ ಕೈಮುಗಿದು, ಪುಣಜನೂರಿನ ಬಸ್ಸು ಎಷ್ಟು ಹೊತ್ತಿಗೆಂದು ವಿಚಾರಿಸತೊಡಗಿದಳು.

ಮಾನ ಉಳಿಯಿತೆಂದು ಹಿಗ್ಗಿದ ರಂಗರಾಜು ಮರುಗಳಿಗೆಯಲ್ಲೇ ತಣ್ಣಗಾದ. ನಾನೂರೈವತ್ತರ ಗಿಲೀಟಿಗೆ ಈ ಮಿಷನ್ನು ಕೂ ಎನ್ನುತ್ತದೆ! ಅಂದರೆ ಮಿಷನ್ನು ಡೋಂಗಿ. ಡಬ್ಬ ಬಿಚ್ಚದೆ ಬಾಯಲ್ಲೇ ಕೂಗಿದ್ದು ಇದಕ್ಕೇ. ಒಂದೂ ಇಪ್ಪತ್ತು ಮುಳುಗಿತು. ಇದನ್ನು ಊರಲ್ಲಿ ಯಾರ ಮುಂದೆಯೂ ಬಾಯಿಬಿಟ್ಟು ಹೇಳುವಂತಿಲ್ಲ.

ಆಗಲೇ ಮಾದಣ್ಣ ಅವನ ಭುಜ ಹಿಡಿದ. ಅವನ ಕಣ್ಣಿನಲ್ಲಿ ಆಗಲೇ ಹಳ್ಳದ ಮರಳು ಹೊಳೆಯುತ್ತಿತ್ತು. "ನಂಗ್ ಕೊಟ್ಬುಡ್ಲಾ. ಅರಿಸಿನ ಮಾರಿದ್ ದುಡ್ಡು ನಲವತ್ತೈದ್ ಸಾವ್ರ ಮನೇಲದೆ. ಈಗ್ಲೇ ಎಣಿಸ್ತೀನಿ."

ರಂಗರಾಜು ಮುಖ ಸಪ್ಪಗೆ ಮಾಡಿ, ಎರಡು ಸಲ ತಲೆಯಾಡಿಸಿ, ಒಂದು ಸಲ ನಿಟ್ಟುಸಿರು ಬಿಟ್ಟು, ಕೊನೆಗೆ ಸ್ನೇಹಕ್ಕೋಸ್ಕರ ಒಪ್ಪಿದ. ಡೋಂಗಿ ಮಾಲಿಗೆ ನಲವತ್ತೈದು ಸಾವಿರ! ನಿಂಬೆಹಣ್ಣನ್ನೂ ಪುಕ್ಕಟೆ ಕೊಟ್ಟ.

ಮಧ್ಯಾಹ್ನ ಮುದ್ದೆ ಬಡಿಸುತ್ತ ಲಕ್ಷ್ಮಿದೇವಿ ತಾನಾಗಿಯೇ ನಕ್ಕಳು. "ಇವತ್ತು ನನ್ನ ಮಾನ ಓಗ್ಬುಡೋದು. ನಿಮ್ಮ ಮೊಲದ ಬಿಸಿನೆಸ್ಸಿಗೆ ನನ್ನ ಕಾಲುಚೈನು ಓದಾಗ್ಲೇ ನಾನು ಉಸಾರಾಗ್ಬುಟ್ಟೆ. ಬೀರುವಲ್ಲಿ ನಾನು ಮಡಗಿದ್ದೇ ಗಿಲೀಟು. ಅಸಲಿದು ಅರಿಸಿನದ ಡಬ್ಬೀಲಿತ್ತು. ಮಿಷನ್ ಮುಂದೆ ಅದ್ನೇ ಹಾಕ್ಕಂಡು ಬಂದೆ."

ರಂಗರಾಜು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದ. ಹಾಗಾದರೆ ಮಿಷನ್ನು ನಿಜ. ಹಾಗಾದರೆ ಗುರುವಾರ ತಾನು ಮೇಡಂ ಕೈಗಿಟ್ಟದ್ದು...

ಫೋನು ಬಡಿದುಕೊಂಡಿತು. ಭಾನು ಮೇಡಂ ದನಿ ಅಡಿಗೆಮನೆಯವರೆಗೂ ಕೇಳಿಸಿತು. "ಸರ ಗಿಲೀಟು ಸಾರ್. ಸಂಜೆ ಐದರೊಳಗೆ ಮಿಷನ್ನಾದರೂ ಬರಬೇಕು, ಒಂದೂ ಇಪ್ಪತ್ತಾದರೂ ಬರಬೇಕು. ಇಲ್ಲಾಂದ್ರೆ ನಾನೇ ಪೊಲೀಸರ ಜೊತೆ ಬರ್ತೀನಿ."

ಕೈ ತೊಳೆಯದೆ ರಂಗರಾಜು ಟೀ ಅಂಗಡಿಗೆ ಓಡಿದ. ಅಲ್ಲಿ ಆಗಲೇ ಸಾಲು ನಿಂತಿತ್ತು. ಮಾದಣ್ಣನ ಹೆಂಡತಿ ಹೋದ ವರ್ಷ ಕಳೆದುಕೊಂಡಿದ್ದ ಮೂಗುಬೊಟ್ಟು ತಿಪ್ಪೆಯಲ್ಲಿ ಸಿಕ್ಕಿಬಿಟ್ಟಿತ್ತಂತೆ. ಮಿಷನ್ನು ವಾಪಸು ಕೊಡೆಂದು ರಂಗರಾಜು ಎಷ್ಟು ಗೋಗರೆದರೂ ಮಾದಣ್ಣ ಜಗ್ಗಲಿಲ್ಲ. ಮಾರುವ ಮಾತೇ ಇಲ್ಲ, ಬೇಕಾದರೆ ಬಾಡಿಗೆಗೆ ತಗೋ, ಗಂಟೆಗೆ ಐನೂರು ಎಂದ.

ಇನ್ನು ಉಳಿದದ್ದು ಹೆಂಡತಿಯ ಕಾಲು. ರಂಗರಾಜು ಮನೆಗೆ ಬಂದಾಗ ಲಕ್ಷ್ಮಿದೇವಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಕತ್ತಿನಲ್ಲಿ ಕರಿಮಣಿಯೊಂದೇ ಉಳಿದಿತ್ತು. ಮೊಣಕೈವರೆಗೂ ಮಣ್ಣಾಗಿತ್ತು.

"ಸರ ಎಲ್ಲಿ ಲಕ್ಷ್ಮೀ?"

"ಮಡಗಿವ್ನಿ," ಎಂದಳು ಅವಳು, ಮಣ್ಣು ಕೊಡವಿಕೊಳ್ಳುತ್ತ. "ಈ ಸತಿ ಡಬ್ಬೀಲಲ್ಲ."

ರಂಗರಾಜು ಹಿತ್ತಲನ್ನು ನೋಡಿದ. ಅದರಾಚೆಯ ಅರಿಶಿನದ ಹೊಲವನ್ನು ನೋಡಿದ. ಗಡಿಯಾರ ನೋಡಿದ. ಮೂರು ಹೊಡೆದಿತ್ತು. ಎದುರು ಅಂಗಡಿಯಿಂದ ಮಾದಣ್ಣ ಕೂಗಿ ಕೇಳಿದ:

"ಒಂದ್ ಗಂಟೆಗಾ, ಎರಡ್ ಗಂಟೆಗಾ?"