ಜೀಪಿನ ಪೆಡಲ್ಲೂ ನನ್ನ ಕಾಲೂ

ಕುಳ್ಳಿ ಹೆಂಗಸು, ಹಳೇ ಜೀಪು ಎರಡೂ ಒಂದೇ ಮನೆಯಲ್ಲಿದ್ದರೆ ಇಂಥ ಪ್ರಸಂಗಗಳಿಗೆ ಬರವಿರುವುದಿಲ್ಲ. ನಾನು ದನದ ಡಾಕ್ಟರು. ತೊಂಬತ್ತರ ದಶಕದಲ್ಲಿ ಮೈಸೂರಿನ ಸುತ್ತಲ ಹಳ್ಳಿಗಳಿಗೆ ಮಳೆಗಾಲದಲ್ಲಿ ಹೋಗಬೇಕೆಂದರೆ ಕೆಸರಿಗೆ ಹೆದರದ ಗಾಡಿ ಬೇಕಿತ್ತು. ಹರಾಜಿನಲ್ಲಿ ಒಂದು ಹಳೇ ಜೀಪು ಹಿಡಿದೆ. ಗಾಡಿ ಗಟ್ಟಿಮುಟ್ಟು, ಆದರೆ ನನ್ನ ಕಾಲು ಪೆಡಲಿಗೆ ಎಟುಕದು. ಸೀಟಿನ ತುದಿಗೆ ಜಾರಿದರೆ ಪೆಡಲು ಸಿಗುತ್ತಿತ್ತು, ರಸ್ತೆ ಕಾಣುತ್ತಿರಲಿಲ್ಲ. ಗಾಡಿಯನ್ನು ನನ್ನ ಅಳತೆಗೆ ತರುವ ಮೆಕ್ಯಾನಿಕ್ಕಿಗಾಗಿ ಹುಡುಕಾಟ ಶುರುವಾಯಿತು. "ಮಾರಿಬಿಡಿ" ಎನ್ನುವವರು ಊರು ತುಂಬ. ಮಾರುವುದಿಲ್ಲ ಎನ್ನುವವಳು ನಾನೊಬ್ಬಳೇ.

ಯಜಮಾನ್ರು ಎಲ್ಲಿ?

ಸರಸ್ವತಿಪುರಂನ ಗ್ಯಾರೇಜಿನವನು ನಾನು ಹೇಳಿದ್ದನ್ನೆಲ್ಲ ಕೇಳಿ, "ಯಜಮಾನ್ರನ್ನ ಕಳ್ಸಿ ಮೇಡಂ, ಮಾತಾಡೋಣ" ಎಂದ. ನಮ್ಮ ಯಜಮಾನರು ಸಂಸ್ಕೃತ ಮೇಷ್ಟ್ರು. ಸೈಕಲ್ ಚೈನು ಕಳಚಿದರೂ ನನ್ನನ್ನೇ ಕರೆಯುವವರು. ಮಾರನೇ ದಿನ ಕರೆದುಕೊಂಡು ಹೋದೆ. ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಕ್ಲಚ್ ಜಾರುತ್ತಾ ಸಾರ್?"

"ಎಲ್ಲಿಗೆ?" ಎಂದರು ಇವರು.

ಅವನು ತಲೆ ಕೆರೆದುಕೊಂಡ. "ಅಲ್ಲಾ ಸಾರ್, ಮನೇಲಿ ಜೀಪು ಓಡ್ಸೋರು ಯಾರು?"

"ಇವಳೇ ಕಣಪ್ಪ. ನನ್ನನ್ನೂ ಇವಳೇ ಓಡ್ಸೋದು."

ಮರದ ತುಂಡು

ಇನ್ನೊಬ್ಬ ಪೆಡಲುಗಳಿಗೆ ಮರದ ತುಂಡು ಕಟ್ಟಿಕೊಟ್ಟ. "ಸಾಯೋವರ್ಗೂ ಗ್ಯಾರಂಟಿ ಮೇಡಂ" ಎಂದ. ಯಾರು ಸಾಯೋವರೆಗೆ ಅಂತ ನಾನು ಕೇಳಬೇಕಿತ್ತು.

ಮಂಡಕಳ್ಳಿಯಲ್ಲಿ ಒಬ್ಬ ಅಜ್ಜಿಯ ಹಸುವಿಗೆ ಹೊಟ್ಟೆ ಉಬ್ಬರ. ಅಜ್ಜಿಯ ಹಿತ್ತಿಲಿಗೆ ಇಳಿಯುವಾಗ ಬ್ರೇಕಿನ ತುಂಡು ಕಳಚಿ ಉರುಳಿತು. ಜೀಪು ನೇರವಾಗಿ ಹುಲ್ಲಿನ ಮೆದೆಗೆ ನುಗ್ಗಿ ನಿಂತಿತು. ಬ್ಯಾಗು ಹಿಡಿದು, ಏನೂ ಆಗದವಳ ಹಾಗೆ ಇಳಿದೆ. ತಲೆ ತುಂಬ ಹುಲ್ಲು.

ಅಜ್ಜಿ ಸೊಂಟಕ್ಕೆ ಕೈಯಿಟ್ಟು ನೋಡಿದಳು. "ಅಸ ನೋಡ್ರವ್ವ ಅಂತ ಕರಸಿದ್ರೆ, ಅದ್ರ ಮೇವಿಗ್ಯಾಕವ್ವ ಬಾಯಾಕುದ್ರಿ?"

ಗಂಡಸರ ಗಾಡಿ

ಮೂರನೆಯವನು ಜೀಪಿಗೆ ಒಂದು ಪ್ರದಕ್ಷಿಣೆ ಹಾಕಿ, "ಇದನ್ನೆಲ್ಲ ಬದಲಾಯಿಸಬಾರ್ದು ಮೇಡಂ. ಇದು ಗಂಡಸರ ಗಾಡಿ" ಎಂದ.

ನನಗೆ ರೇಗಿತು. "ಗಂಡೋ ಹೆಣ್ಣೋ ನೋಡಿ ಹೇಳೋದು ನನ್ನ ಕಸುಬು ಕಣ್ರೀ. ನಾನೂ ಕೆಳಗೆ ಬಗ್ಗಿ ನೋಡಿದ್ದೀನಿ. ನೀವು ಹೇಳೋ ಗುರುತು ಎಲ್ಲೂ ಸಿಗ್ಲಿಲ್ಲ."

ಟ್ರಯಲ್

ಕೊನೆಗೆ ಸಿಕ್ಕವರು ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಒಬ್ಬ ಆಜಾನುಬಾಹು. ಶೆಡ್ಡಿನ ಬಾಗಿಲಲ್ಲಿ ತಲೆ ತಗ್ಗಿಸಿಯೇ ಓಡಾಡಬೇಕಾದ ಎತ್ತರ. "ಆಗಲ್ಲ ಅನ್ನೋ ಮಾತು ನಮ್ ವಂಶದಲ್ಲೇ ಇಲ್ಲ ಡಾಕ್ಟ್ರೇ" ಎಂದರು. ಹೇಳಿದಂತೆಯೇ ಸೀಟು ಎತ್ತರಿಸಿ, ಮುಂದಕ್ಕೆ ತಂದು ಬೆಸುಗೆ ಹಾಕಿದರು. ಪೆಡಲು ಉದ್ದ ಮಾಡಿ ಸ್ಟೇರಿಂಗ್ ತಗ್ಗಿಸಿದರು. ನಾನು ಹತ್ತಿ ಕೂತೆ. ಕಾಲು ಎಟುಕಿತು, ರಸ್ತೆಯೂ ಕಂಡಿತು. ಕಣ್ಣಲ್ಲಿ ನೀರೇ ಬಂತು.

"ಇಳೀರಿ ಡಾಕ್ಟ್ರೇ. ಕೆಲಸ ಮಾಡ್ದೋನೇ ಮೊದಲ ಟ್ರಯಲ್ ನೋಡ್ಬೇಕು."

"ನಿಮಗಾಗಲ್ಲ ಕಣ್ರೀ ಅದು!"

ಅವರ ವಂಶದಲ್ಲಿಲ್ಲದ ಮಾತು ಆಡಿಬಿಟ್ಟಿದ್ದೆ. ಹಟಕ್ಕೆ ಬಿದ್ದು ಒಳಗೆ ತೂರಿಯೇಬಿಟ್ಟರು. ಮೊಣಕಾಲು ಸ್ಟೇರಿಂಗಿನ ಕೆಳಗೆ ಸಿಕ್ಕಿಕೊಂಡಿತು. ಕೀಲಿ ತಿರುಗಿಸುವುದಿರಲಿ, ಉಸಿರಾಡುವುದೇ ಕಷ್ಟವಾಯಿತು. ಬೀದಿಯವರೆಲ್ಲ ಸೇರಿದರು. ಯಾರೋ "ಗ್ಯಾಸ್ ಕಟ್ಟರ್ ತನ್ರೋ" ಅಂದದ್ದೇ ತಡ, "ಬ್ಯಾಡ ಕಣ್ರೋ, ಕಾಲು ಒಂಟೋಯ್ತದೆ!" ಅಂತ ಒಳಗಿಂದ ಕೂಗು.

ನಾನು ತೋಳೇರಿಸಿದೆ. ಮೊಣಕಾಲಿಗೆ ಧಾರಾಳವಾಗಿ ಸೋಪು ನೀರು ಸುರಿದೆ. "ತಿಣುಕಬೇಡಿ. ನಾನು ಎಳೆದಾಗ ಮಾತ್ರ ಉಸಿರು ಬಿಡಿ" ಎಂದೆ. ಒಂದು ಕಾಲನ್ನು ಮಡಿಸಿ ಹಿಂದಕ್ಕೆ ತಳ್ಳಿ, ಇನ್ನೊಂದನ್ನು ಹೊರಕ್ಕೆ ತಂದು, ಹಗ್ಗ ಬಿಗಿದು ನಾಲ್ಕು ಜನರ ಕೈಗೆ ಕೊಟ್ಟೆ. ಎಳೆದ ಒಂದೇ ಏಟಿಗೆ ಇಡೀ ಆಸಾಮಿ ಜಾರಿ ನೆಲಕ್ಕೆ ಬಿದ್ದರು. ಮೈಯೆಲ್ಲ ಒದ್ದೆ, ಮುಚ್ಚಿದ ಕಣ್ಣು, ಮಿಸುಕಾಟವಿಲ್ಲ.

ಗುಂಪಿಗೆ ಗಾಬರಿ. "ಡಾಕ್ಟ್ರೇ, ಏನಾಯ್ತು?"

ಎಷ್ಟೋ ಕೊಟ್ಟಿಗೆಗಳಲ್ಲಿ ಹೇಳಿ ಹೇಳಿ ಅಭ್ಯಾಸವಾದ ಮಾತು, ಕೈ ತೊಳೆಯುತ್ತ ನನ್ನ ಬಾಯಿಂದ ತಾನಾಗಿ ಬಂತು.

"ಏನೂ ಭಯ ಇಲ್ಲ. ಮೈ ಒರೆಸಿ ಬಿಡಿ, ಸ್ವಲ್ಪ ಹೊತ್ತಿಗೆ ತಾನೇ ಎದ್ದು ನಿಲ್ಲುತ್ತೆ."