ಸಣ್ಣ ಕ್ಯಾಸೆಟ್ಟಿಗೆ ಮಷೀನು ಹುಡುಕಿದ್ದು

ಹೊಸ ಮಷೀನು ಬಂದಾಗೊಮ್ಮೆ ಹಳೆಯದನ್ನು ನಂಬಿದವರ ಫಜೀತಿ ಶುರುವಾಗುತ್ತದೆ. ಅಂಥ ಹೊತ್ತಿನಲ್ಲಿ ನಾನು ಯಾಕೋ ಅಲ್ಲೇ ನಿಂತಿರುತ್ತೇನೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟು ಕಾಲು ಒಯ್ದಲ್ಲಿ ತಿರುಗಿದವನು ನಾನು. ತಿರುಗುವ ನಡುವೆ ಮದುವೆಗಳ ವ್ಹಿಡಿಯೋ ತೆಗೆದೆ. ಮೊದಲು ದೊಡ್ಡ ಕ್ಯಾಸೆಟ್ಟಿನ ಕ್ಯಾಮೆರಾ, ಹೆಗಲಿಗೇರಿಸಿದರೆ ಜೋಳದ ಚೀಲ ಹೊತ್ತಂತೆ. ಆಮೇಲೆ ಅಂಗೈಯಷ್ಟು ಕ್ಯಾಸೆಟ್ಟಿನದು. ಆಮೇಲೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದು. ಕಡೆಗೆ ಕ್ಯಾಸೆಟ್ಟೇ ಇಲ್ಲ, ಉಗುರಿನಷ್ಟು ಕಾರ್ಡು. ಎಲ್ಲವನ್ನೂ ಹಿಡಿದೆ, ಒಂದರಲ್ಲೂ ನಿಲ್ಲಲಿಲ್ಲ.

೧. ವಚನದ ಟೇಪು

ಮಳೆ ಎರಡನೇ ವರ್ಷವೂ ಕೈಕೊಟ್ಟಿತ್ತು. ಮಹಾರಾಷ್ಟ್ರದ ಗಡಿಯ ಉಮರ್ಗಾದಲ್ಲಿ ನೀರಿನ ಟ್ಯಾಂಕರು ಬಂದ ದಿನವೇ ಹಬ್ಬ. ಅಂಥದ್ದರಲ್ಲಿ ಅರಿವಿ ಅಂಗಡಿಯ ಸಾವಕಾರರು ನನ್ನನ್ನು ಹುಡುಕಿಸಿ ಕರೆಸಿದರು. ಅವರ ಮಗಳ ಮದುವೆ ತೆಗೆದವನು ನಾನೇ, ಆ ಅಂಗೈಯಷ್ಟು ಕ್ಯಾಸೆಟ್ಟಿನಲ್ಲಿ. "ದೊಡ್ಡ ಕ್ಯಾಸೆಟ್ಟಿಗೆ ಇಳಿಸಿ ಕೊಡ್ತೀನ್ರಿ" ಅಂದವನು, ಇಳಿಸದೆ ಊರು ಬಿಟ್ಟಿದ್ದೆ. ಕ್ಯಾಮೆರಾವನ್ನೂ ಮಾರಿದ್ದೆ.

ಸಾವಕಾರರು ಖಣದ ತುಂಡಿನಲ್ಲಿ ಸುತ್ತಿದ್ದ ಕ್ಯಾಸೆಟ್ಟು ಬಿಚ್ಚಿದರು. ಅವರ ಹೆಂಡತಿ ತೀರಿ ವರ್ಷ ತುಂಬುವುದರಲ್ಲಿತ್ತು.

"ಫೋಟೋ ಅವ ತಮ್ಮಾ. ದನಿ ಇಲ್ಲ. ಆಕಿ ದನಿ ಇದ್ದರ ಇದರಾಗಷ್ಟ ಇರಬೇಕು. ಕೇಳ್ಸು."

ನನ್ನ ತಲೆ ತಾನೇ ಬಗ್ಗಿತು. "ಯಾವದಾದ್ರೂ ಮಷೀನಿನ್ಯಾಗ ಹಾಕಿ ನೋಡೀರೇನ್ರಿ, ಕಾಕಾ?"

"ವಚನ ಕೇಳೋ ಟೇಪಿನ್ಯಾಗ ಹಾಕಿದೆ. ಅರ್ಧಾ ಹೋತು, ನಿಂತು ಬಿಡ್ತು."

"ಹಾಡಿನ ಕ್ಯಾಸೆಟ್ಟಿಗಿಂತ ಇದು ದಪ್ಪ ಅದರಿ."

"ಅದಕ್ಕ ಮುಚ್ಚಳಾ ಕಿತ್ತೆ."

ನಾನು ಎದೆ ಹಿಡಿದುಕೊಂಡೆ.

"ಟೇಪಿನ ಮುಚ್ಚಳಾ ಮಾರಾಯಾ, ಕ್ಯಾಸೆಟ್ಟಿಂದಲ್ಲ. ನಾ ಅಷ್ಟೇನ್ ಹುಚ್ಚ ಅಲ್ಲ."

೨. ಖಾಲಿ ಡಬ್ಬಿ

ನಿಲಂಗಾದಲ್ಲಿ ಹಿಂದೆ ಕ್ಯಾಸೆಟ್ಟು ಬಾಡಿಗೆಗೆ ಕೊಡುತ್ತಿದ್ದವನೊಬ್ಬ ಈಗ ಮೊಬೈಲ್ ರಿಪೇರಿ ಮಾಡುತ್ತಾನೆ. ದೊಡ್ಡ ಕ್ಯಾಸೆಟ್ಟಿನ ಮಷೀನನ್ನು ಇನ್ನೂ ಒರೆಸಿ ಇಟ್ಟಿದ್ದ. ಸಣ್ಣ ಕ್ಯಾಸೆಟ್ಟನ್ನು ಒಳಗೆ ಕೂಡಿಸಿ ದೊಡ್ಡದರ ಹಾಗೆ ನಡೆಸುವ ಖಾಲಿ ಡಬ್ಬಿಯೂ ಅವನಲ್ಲಿತ್ತು. ಅದು ಬೇರೆ ಕಂಪನಿಯವರ, ಬೇರೆ ಅಳತೆಯ ಸಣ್ಣ ಕ್ಯಾಸೆಟ್ಟಿನದು ಎಂದು ನಾನು ಹೇಳುವುದರೊಳಗೆ, "ಥಾಂಬಾ ಮಾಮಾ, ತಡೀರಿ, ಸಣ್ಣದಂದ್ರ ಸಣ್ಣದ" ಅಂದು ಒತ್ತೇ ಬಿಟ್ಟ.

ಒಳಗೆ ಕುಳಿತಿತು. ಹೊರಗೆ ಬರಲಿಲ್ಲ.

ಎಳೆದರೆ ಟೇಪು ಹರಿಯುತ್ತದೆ. ಹರಿದರೆ ಆ ದನಿ ಹೋದ ಹಾಗೆಯೇ. ಸಂಜೆಯ ತನಕ ಒಂದೊಂದೇ ಸ್ಕ್ರೂ ಬಿಚ್ಚಿದೆವು. ಮಗುವಿನ ಕಿವಿ ಚುಚ್ಚುವಾಗ ತಲೆ ಹಿಡಿದುಕೊಳ್ಳುವಂತೆ ಸಾವಕಾರರು ಡಬ್ಬಿಯ ಮೂಲೆ ಹಿಡಿದು "ಹಗೂರ, ಹಗೂರ" ಅನ್ನುತ್ತಿದ್ದರು. ಅಂತೂ ಬಂತು.

ಅಂಗಡಿಯವನು ಬೆವರು ಒರೆಸಿಕೊಂಡ. "ಬಘಾ, ನೋಡ್ರಿ, ನನ್ನ ಡಬ್ಬಿಗಿ ಏನೂ ಆಗಿಲ್ಲ!"

"ಭಾಳ ಛಲೋ ಆತು" ಅಂದರು ಸಾವಕಾರರು. "ಅದರದ ಚಿಂತಿ ಹತ್ತಿತ್ತು ನಮಗ."

೩. ಮಳೆ

ಉದಗೀರದ ಒಂದು ಹಳೆಯ ಸ್ಟುಡಿಯೋದಲ್ಲಿ ಕಡೆಗೂ ಅದೇ ಅಳತೆಯ ಕ್ಯಾಮೆರಾ ಸಿಕ್ಕಿತು. ಕ್ಯಾಸೆಟ್ಟನ್ನು ಅದರಲ್ಲೇ ಹಾಕಿ, ಟೀವಿಗೆ ವೈರು ಕೊಟ್ಟರೆ ಆಯಿತು. ಕೊಟ್ಟೆವು. ಪರದೆಯ ತುಂಬ ಬಿಳಿ ಚುಕ್ಕೆ, ಸುರ್ರೆಂಬ ಸದ್ದು.

"ಮಳಿ!" ಅಂದರು ಸಾವಕಾರರು, ಕುರ್ಚಿಯ ತುದಿಗೆ ಬಂದು.

"ಮಳಿ ಅಲ್ರಿ, ಹೊಲಸು" ಅಂದ ಸ್ಟುಡಿಯೋದವನು. ಕ್ಯಾಮೆರಾ ತೆರೆದು, ಸ್ಪಿರಿಟ್ಟಿನ ಅರಿವೆಯಿಂದ ಒರೆಸಿದ. ಅರಿವೆಗೆ ಬೂದಿ ಹತ್ತಿತು. "ಇದೇನ್ರಿ, ಕ್ಯಾಸೆಟ್ಟು ಒಲ್ಯಾಗ ಇಟ್ಟಿದ್ರೇನು?"

"ಅದು ವಿಭೂತಿ. ದಸರಾಕ್ಕ ಗಜಕೋಲು, ಕತ್ತರಿ, ಹೊಲಿಗಿ ಮಷೀನು ಪೂಜಾ ಮಾಡೂಮುಂದ ಆಕೀನ ಈ ಕ್ಯಾಸೆಟ್ಟಿಗೂ ಹಚ್ತಿದ್ದಳು, ಕೆಡಬಾರದಂತ."

"ಮ್ಯಾಲ ಹಚ್ಚಿದ್ರ ನಡೀತಿತ್ತು. ಒಳಗ ಹ್ಯಾಂಗ ಬಂತು?"

"ಮುಚ್ಚಳಾ ಎತ್ತಿ ಹಚ್ಚ್ಯಾಳ. ಆಕಿ ಯಾವ ಕೆಲಸಾನೂ ಮ್ಯಾಲ ಮ್ಯಾಲ ಮಾಡಿದಾಕಿ ಅಲ್ಲ."

ಮೂರು ಸಲ ಒರೆಸಿದ. ಮೂರು ಸಲವೂ ಸಾವಕಾರರು ಆ ಅರಿವೆ ಇಸಕೊಂಡು ಹಣೆಗೆ ಒತ್ತಿಕೊಂಡರು. ಸ್ಪಿರಿಟ್ಟಿನ ಉರಿಗೋ ಏನೋ, ಕಣ್ಣಲ್ಲಿ ನೀರು ಬಂತು.

"ಊರಾಗ ನೀರು ಕಂಡಿದ್ದು ಇವತ್ತ" ಅಂದ ಸ್ಟುಡಿಯೋದವನು.

೪. ಅಡ್ಡ ನಿಂತದ್ದು

ನಾಲ್ಕನೇ ಸಲ ಚಿತ್ರ ಬಂತು. ಹಂದರ, ಹೊಗೆ, ರುಮಾಲುಗಳು. ಹಸಿರು ಸೀರೆಯ ಹೆಂಗಸು, ಸಾವಕಾರರ ಹೆಂಡತಿಯೇ, ತಲೆ ಮೇಲೆ ಸೆರಗೆಳೆದುಕೊಂಡು ಅಕ್ಷತೆ ಹಿಡಿದು ನಿಂತಿದ್ದರು. ತುಟಿ ಆಡುತ್ತಿತ್ತು, ಬಾಜಾದವರ ಗದ್ದಲದಲ್ಲಿ ಒಂದು ಅಕ್ಷರವೂ ಕೇಳಿಸಲಿಲ್ಲ. ಆಮೇಲೆ ಅವರು ಕ್ಯಾಮೆರಾದ ಹಿಂದೆ ಸರಿದು ಹೋದರು.

ಟೇಪು ಓಡುತ್ತಲೇ ಇತ್ತು. ಅವರು ಮತ್ತೆ ಕಾಣಲಿಲ್ಲ. ನಾನು ಯಾರ್ಯಾರದೋ ಮೀಸೆ, ಯಾರ್ಯಾರದೋ ಜರಿ ತೆಗೆಯುತ್ತ ಕೂತಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಸಾವಕಾರರು ತಡೆಯಲಾರದೆ ಎದ್ದು ಟೀವಿಯ ಮುಂದೆ ಹೋಗಿ ನಿಂತರು. ಚಿತ್ರದಲ್ಲೂ ಆಗಲೇ ಒಬ್ಬರು ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ನಡುವೆ ಬಂದು ನಿಂತರು. ಅವರೇ, ಕರಿಯ ಕೂದಲಿನ ಸಾವಕಾರರು. ಬಾಜಾ ಫಕ್ಕನೆ ನಿಂತಿತು. ನನ್ನ ಕಿವಿಯ ಪಕ್ಕದಲ್ಲೇ ಇದ್ದರೇನೋ ಅನ್ನುವಷ್ಟು ಸ್ಪಷ್ಟವಾಗಿ, ಕ್ಯಾಮೆರಾದ ಹಿಂದಿನಿಂದ ಅವರ ಹೆಂಡತಿಯ ದನಿ ಬಂತು:

"ಏನ್ರೀ, ಎಲ್ಲಾರಿಗೂ ಅಡ್ಡ ನಿಂತೀರಲ್ಲ! ಕುಂದರ್ರಿ ಸುಮ್ನ!"

ಟೀವಿಯೊಳಗಿನ ಸಾವಕಾರರು ಅಲುಗಲಿಲ್ಲ. ಹೊರಗಿನವರು ತಟ್ಟನೆ ಕೂತರು. ಕುರ್ಚಿ ಹಿಂದೆಲ್ಲೋ ಉಳಿದಿತ್ತು. ನೆಲದ ಮೇಲೇ ಕೂತರು.

"ಕುಂತೆ" ಅಂದರು.

ನಗು ಬಂದದ್ದು ನಿಜ, ಯಾರೂ ನಗಲಿಲ್ಲ. ಸ್ಟುಡಿಯೋದವನು ಗೋಡೆ ನೋಡುತ್ತ ನಿಂತ.

"ಕಾಕಾ, ಮುಂದ ಇನ್ನೂ ಅದ. ನೋಡ್ರಿ."

"ಮುಂದಿಂದು ಬ್ಯಾಡ. ಹಿಂದಕ್ಕ ತಗೋ."

ತೆಗೆದೆ. ಸಾವಕಾರರು ಮೊಣಕಾಲಿಗೆ ಕೈಯೂರಿ ಎದ್ದರು, ಧೋತರ ಝಾಡಿಸಿಕೊಂಡರು, ಟೀವಿಗೆ ಪೂರ್ತಿ ಅಡ್ಡವಾಗಿ ನಿಂತು ಹೇಳಿದರು:

"ಹೂಂ, ಈಗ ಹಚ್ಚು."